ಕುಣಿಯುವ ಯಂತ್ರಕ್ಕೆ ಗುಜರಿಯೇ ಗತಿಯಲ್ಲ

ಮಳೆಗಾಲ ಹಿಡಿಯುತ್ತಿದ್ದಂತೆ ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಒಂದೇ: ಮನೆಯಲ್ಲಿರುವ ಹಳೆಯ ವಾಷಿಂಗ್ ಮೆಷಿನ್ ಡ್ರೈಯರ್ ಹಾಕಿದ ಕೂಡಲೇ ಕುಣಿಯುತ್ತದೆ, ಧಡಧಡ ಎಂದು ಬಡಿದುಕೊಳ್ಳುತ್ತದೆ, ಜಾಗ ಬಿಟ್ಟು ನಡೆದುಕೊಂಡು ಬರುತ್ತದೆ, ಇದನ್ನು ರಿಪೇರಿ ಮಾಡಿಸಬೇಕೋ, ಎಕ್ಸ್‌ಚೇಂಜಿಗೆ ಕೊಟ್ಟು ಹೊಸದು ತರಬೇಕೋ? ಶಿರಾಳಕೊಪ್ಪದ ಆಸುಪಾಸಿನ ಅರೆಮಲೆನಾಡಿನಲ್ಲಿ ಇದು ಸಣ್ಣ ಪ್ರಶ್ನೆಯಲ್ಲ. ಆಷಾಢದ ಜಡಿಮಳೆಯಲ್ಲಿ ಶಿಕಾರಿಪುರದಿಂದ ಸೊರಬದವರೆಗೆ ಅಂಗಳದ ತಂತಿಯ ಮೇಲೆ ಬಟ್ಟೆ ಹಾಕುವ ಮಾತೇ ಇಲ್ಲ. ಒಗೆಯುವುದನ್ನು ಒಗೆಯುವ ಕಲ್ಲೂ ಮಾಡಿಕೊಡುತ್ತದೆ, ಹಿಂಡಿ ಅರೆ ಒಣಗಿಸಿಕೊಡುವುದು ಡ್ರೈಯರ್ ಮಾತ್ರ. ಹಾಗಾಗಿ ಅದು ಕೈಕೊಟ್ಟರೆ ಮನೆಯವರು ಗಾಬರಿಬಿದ್ದು ಹತ್ತಿರದ ಅಂಗಡಿಗೆ ಹೋಗಿ ಕಂತಿನಲ್ಲಿ ಹೊಸ ಯಂತ್ರ ತರುತ್ತಾರೆ. ಆದರೆ ಕುಣಿಯುವ ಯಂತ್ರ ಸತ್ತ ಯಂತ್ರವಲ್ಲ. ದೋಷ ಬಹಳ ಸಲ ಯಂತ್ರದ ಕೆಳಗಿನ ನೆಲದಲ್ಲಿರುತ್ತದೆ ಅಥವಾ ಒಳಗೆ ತುಂಬಿದ ಬಟ್ಟೆಯಲ್ಲಿರುತ್ತದೆ. ಅದೆರಡೂ ಅಲ್ಲದಿದ್ದರೆ ಹೆಚ್ಚಾಗಿ ಸ್ಪ್ರಿಂಗ್ ಮತ್ತು ರಬ್ಬರಿನಲ್ಲಿರುತ್ತದೆ. ಆದ್ದರಿಂದ ಹೊರಗಿನಿಂದ ಒಳಕ್ಕೆ, ಖರ್ಚಿಲ್ಲದ್ದರಿಂದ ಖರ್ಚಿನ ಕಡೆಗೆ ಹುಡುಕಿಕೊಂಡು ಹೋಗಬೇಕು ಎಂಬುದು ನನ್ನ ವಾದ. ನಮ್ಮಲ್ಲಿ ನಡೆಯುತ್ತಿರುವುದು ಇದಕ್ಕೆ ತದ್ವಿರುದ್ಧ.

ಯಂತ್ರ ಯಾಕೆ ಕುಣಿಯುತ್ತದೆ ಎಂಬುದನ್ನು ಮೊದಲು ಲೆಕ್ಕದಲ್ಲೇ ನೋಡೋಣ. ಎರಡು ತೊಟ್ಟಿಯ ಸೆಮಿ ಆಟೋಮ್ಯಾಟಿಕ್ ಯಂತ್ರದ ಡ್ರೈಯರ್ ನಿಮಿಷಕ್ಕೆ ಸುಮಾರು 1350 ಸುತ್ತು ತಿರುಗುತ್ತದೆ, ಅಂದರೆ ಸೆಕೆಂಡಿಗೆ ಇಪ್ಪತ್ತೆರಡಕ್ಕೂ ಹೆಚ್ಚು ಸುತ್ತು. ತೊಟ್ಟಿಯ ನಡುವಿನಿಂದ ಅಂಚಿಗೆ 12 ಸೆಂಟಿಮೀಟರ್ ದೂರವಿದೆ ಎಂದುಕೊಳ್ಳಿ. ಒಂದು ಬದಿಯಲ್ಲಿ ಇನ್ನೊಂದು ಬದಿಗಿಂತ 200 ಗ್ರಾಂ ಒದ್ದೆ ಬಟ್ಟೆ ಹೆಚ್ಚಿದ್ದರೆ ಆ ವೇಗದಲ್ಲಿ ಅದು ಹೊರಕ್ಕೆ ಎಳೆಯುವ ಬಲ ಸುಮಾರು 480 ನ್ಯೂಟನ್. ಹೆಚ್ಚುಕಡಿಮೆ 50 ಕೆ.ಜಿ.ಯ ಸಿಮೆಂಟ್ ಮೂಟೆಯ ಭಾರಕ್ಕೆ ಸಮನಾದ ಬಲ ಅದು, ಸೆಕೆಂಡಿಗೆ ಇಪ್ಪತ್ತೆರಡು ಸಲ ದಿಕ್ಕು ಬದಲಿಸುತ್ತ ಯಂತ್ರವನ್ನು ಸುತ್ತಲೂ ಜಗ್ಗುತ್ತದೆ. ಒಂದು ತೆಳು ಟವೆಲ್ ನೀರು ಕುಡಿದರೆ 200 ಗ್ರಾಂ ಸುಲಭವಾಗಿ ದಾಟುತ್ತದೆ. ಈ ಬಲ ವೇಗದ ವರ್ಗದ ಪ್ರಮಾಣದಲ್ಲಿ ಏರುವುದರಿಂದ ವೇಗ ಅರ್ಧಕ್ಕಿಳಿದರೆ ಬಲ ಕಾಲು ಭಾಗಕ್ಕೆ ಇಳಿಯುತ್ತದೆ. ತೊಳೆಯುವಾಗ ಸುಮ್ಮನಿರುವ ಯಂತ್ರ ಹಿಂಡುವಾಗ ಮಾತ್ರ ರಂಪ ಮಾಡುವುದು ಇದಕ್ಕೇ. ಯಂತ್ರದ ಮೇಲೆ ಕಲ್ಲು ಇಡುವುದು, ಇಬ್ಬರು ಸೇರಿ ಅದುಮಿ ಹಿಡಿಯುವುದು ಯಾಕೆ ಪ್ರಯೋಜನವಿಲ್ಲ ಎಂಬುದೂ ಇದರಿಂದ ಗೊತ್ತಾಗುತ್ತದೆ. ಮೇಲಿನಿಂದ ಒತ್ತಿದರೆ ಬಲ ಹುಟ್ಟುವ ಜಾಗಕ್ಕೆ ಏನೂ ಆಗುವುದಿಲ್ಲ, ಅದು ಬೇರಿಂಗ್ ಮತ್ತು ಸ್ಪ್ರಿಂಗಿನ ಮೇಲೆ ತಿರುಗುತ್ತದೆ ಅಷ್ಟೇ.

ಮೊದಲ ತಪಾಸಣೆ ನೆಲದ್ದು. ನಮ್ಮ ಕಡೆಯ ಮನೆಗಳಲ್ಲಿ ಯಂತ್ರಕ್ಕೆ ಸಿಗುವ ಜಾಗ ಬಚ್ಚಲು ಅಥವಾ ಹಿತ್ತಲ ಜಗಲಿ. ಬಚ್ಚಲಿನ ನೆಲವನ್ನು ಗಾರೆ ಕೆಲಸದವರು ಬೇಕೆಂದೇ ಇಳಿಜಾರು ಮಾಡಿರುತ್ತಾರೆ, ನೀರು ತೂಬಿನ ಕಡೆ ಹರಿಯಬೇಕಲ್ಲ. ಮನುಷ್ಯನಿಗೆ ಅನುಕೂಲವಾದ ಆ ಇಳಿಜಾರೇ ಯಂತ್ರಕ್ಕೆ ಶತ್ರು. ಯಂತ್ರದ ಎದುರುಬದುರು ಮೂಲೆಗಳನ್ನು ಒಂದಾದ ಮೇಲೊಂದು ಅಂಗೈಯಿಂದ ಒತ್ತಿ ನೋಡಿ. ಸ್ವಲ್ಪವಾದರೂ ತೊನೆದರೆ ಒಂದು ಕಾಲು ನೆಲ ಮುಟ್ಟಿಲ್ಲ ಎಂದರ್ಥ. ತಿರುಪಿನ ಕಾಲಿದ್ದರೆ ಪಾನಾ ಹಿಡಿದು ಚೆಕ್ ನಟ್ ಸಡಿಲಿಸಿ, ಕಾಲು ನೆಲ ಮುಟ್ಟುವಷ್ಟು ತಿರುಗಿಸಿ, ಮತ್ತೆ ಚೆಕ್ ನಟ್ ಬಿಗಿ ಮಾಡಿ. ಚೆಕ್ ನಟ್ ಬಿಗಿಯದೆ ಬಿಟ್ಟರೆ ಅಲುಗಾಟಕ್ಕೆ ತಿರುಪು ತಾನಾಗಿ ಇಳಿದು ಕೆಲವೇ ವಾರಗಳಲ್ಲಿ ಮೊದಲಿನ ಸ್ಥಿತಿಗೇ ಬರುತ್ತದೆ. ಕಾಲುಗಳು ಆದಷ್ಟು ಗಿಡ್ಡವಾಗಿರಲಿ, ಉದ್ದ ಚಾಚಿದಷ್ಟೂ ಅಲುಗಾಟ ಹೆಚ್ಚು. ಆಮೇಲೆ ಮೇಲ್ಭಾಗದಲ್ಲಿ ಉದ್ದಕ್ಕೂ ಅಡ್ಡಕ್ಕೂ ರಸಮಟ್ಟ ಇಟ್ಟು ನೋಡಿ. ರಟ್ಟು ಮಡಚಿ ಕಾಲಡಿಗೆ ಕೊಡುವ ರೂಢಿ ಬಿಡಬೇಕು, ನೀರು ತಾಗಿದ ರಟ್ಟು ಒಂದೇ ದಿನದಲ್ಲಿ ಕುಸಿಯುತ್ತದೆ. ನೀರು ತಾಗಬಾರದೆಂದು ಗಾಲಿಯ ಸ್ಟ್ಯಾಂಡಿನ ಮೇಲೆ ಯಂತ್ರ ಏರಿಸುವುದೂ ಹಾಗೆಯೇ. ಸ್ಟ್ಯಾಂಡಿನ ಪೈಪುಗಳೇ ಬಳುಕುವುದರಿಂದ ಸಣ್ಣ ಅಲುಗಾಟ ದೊಡ್ಡದಾಗುತ್ತದೆ. ಒಳ್ಳೆಯ ಮದ್ದೆಂದರೆ ಬಚ್ಚಲ ಮೂಲೆಯಲ್ಲಿ ನಾಲ್ಕು ಬೆರಳೆತ್ತರದ ಸಿಮೆಂಟ್ ಕಟ್ಟೆ ಕಟ್ಟಿಸಿ, ಮೇಲೆ ಕಡಪ ಕಲ್ಲು ಕೂರಿಸಿ, ರಸಮಟ್ಟ ಹಿಡಿದು ಮಟ್ಟ ಮಾಡಿಸುವುದು. ಗಾರೆಯವರಿಗೆ ಅರ್ಧ ದಿನದ ಕೆಲಸ. ನೀರಿನಿಂದಲೂ ರಕ್ಷಣೆ, ಕುಣಿತಕ್ಕೂ ಕಡಿವಾಣ.

ಎರಡನೆಯದು ಬಟ್ಟೆ. ಡ್ರೈಯರಿನಲ್ಲಿ ಕಂಬಳಿ ಅಥವಾ ದಪ್ಪ ಹೊದಿಕೆಯೊಂದನ್ನೇ ಹಾಕಿದರೆ ಅದು ಒಂದು ಬದಿಗೆ ಮುದ್ದೆಯಾಗಿ ಕೂರುತ್ತದೆ. ತೀರಾ ಕಡಿಮೆ ಬಟ್ಟೆ ಹಾಕಿದರೂ ಇದೇ ಕಥೆ, ಒಂದೇ ಅಂಗಿಯ ಭಾರಕ್ಕೆ ಎದುರು ಭಾರ ಕೊಡುವವರು ಯಾರೂ ಇರುವುದಿಲ್ಲ. ಭಾರದ ಬಟ್ಟೆಯ ಎದುರು ಬದಿಗೆ ಎರಡು ಒದ್ದೆ ಟವೆಲ್ ಸೇರಿಸಿ. ಬಟ್ಟೆಯನ್ನು ಬಿಡಿಸಿ, ತೊಟ್ಟಿಯ ಗೋಡೆಗುಂಟ ಸುತ್ತಲೂ ಸಮನಾಗಿ ಒತ್ತಿ ತುಂಬಿ. ಅದರ ಮೇಲೆ ಕಂಪನಿ ಕೊಟ್ಟಿದ್ದ ತೂತುತೂತಿನ ಪ್ಲಾಸ್ಟಿಕ್ ತಟ್ಟೆಯನ್ನು ಒತ್ತಿ ಕೂರಿಸಿ. ಹಳೆಯ ಯಂತ್ರಗಳಲ್ಲಿ ಈ ತಟ್ಟೆ ಎಂದೋ ಕಳೆದುಹೋಗಿರುತ್ತದೆ. ಅದು ಬಟ್ಟೆಯನ್ನು ಮೇಲೇಳದಂತೆ ಹಿಡಿದಿಡುವ ಮುಖ್ಯ ಭಾಗ, ಬಿಡಿಭಾಗದ ಅಂಗಡಿಯಲ್ಲಿ ಅಳತೆ ಕೊಟ್ಟರೆ ಸಿಗುತ್ತದೆ. ಮಳೆಸೀಮೆಯವರಿಗೆ ಇನ್ನೊಂದು ಎಚ್ಚರಿಕೆ: ರೇನ್‌ಕೋಟ್, ಪ್ಲಾಸ್ಟಿಕ್ ಹೊದಿಕೆಯಂಥ ನೀರು ಸೋಸದ ಬಟ್ಟೆಯನ್ನು ಡ್ರೈಯರಿಗೆ ಹಾಕಲೇಬಾರದು. ಅದರ ಮಡಿಕೆಯಲ್ಲಿ ನೀರು ಹೊರಹೋಗದೆ ಕಟ್ಟಿಕೊಂಡಿರುತ್ತದೆ. ಪೂರ್ತಿ ವೇಗದಲ್ಲಿ ತಿರುಗುವಾಗ ಆ ನೀರು ಒಮ್ಮೆಲೇ ಜಾರಿದರೆ ಯಂತ್ರವೇ ಮಗುಚುವಷ್ಟು ಬಲ ಹುಟ್ಟುತ್ತದೆ.

ನೆಲ, ಬಟ್ಟೆ ಎರಡೂ ಸರಿಯಿದ್ದರೂ ಕುಣಿತ ನಿಲ್ಲದಿದ್ದರೆ ಡ್ರೈಯರನ್ನು ಖಾಲಿ ಓಡಿಸಿ ನೋಡಬೇಕು. ಇದಕ್ಕೆ ಮೂರು ಕಾಸಿನ ಖರ್ಚಿಲ್ಲ, ಮೆಕ್ಯಾನಿಕ್ ಕೂಡ ಬೇಕಿಲ್ಲ. ಖಾಲಿ ತೊಟ್ಟಿ ಶಾಂತವಾಗಿ ತಿರುಗಿದರೆ ಯಂತ್ರ ಗಟ್ಟಿಯಾಗಿದೆ, ತುಂಬುವ ರೀತಿ ತಪ್ಪು. ಖಾಲಿಯಿದ್ದಾಗಲೂ ಕುಣಿದರೆ ಆಗ ಮಾತ್ರ ಯಂತ್ರದ ಮೇಲೆ ಅನುಮಾನಪಡಬೇಕು. ಕುಣಿತ ಯಾವ ಹೊತ್ತಿನಲ್ಲಿ ಬರುತ್ತದೆ ಎಂಬುದನ್ನೂ ಗಮನಿಸಿ. ಶುರುವಾಗುವಾಗ ಒಮ್ಮೆ, ನಿಲ್ಲುವಾಗ ಒಮ್ಮೆ ಜೋರಾಗಿ ಅಲುಗಿ ನಡುವೆ ಸುಮ್ಮನಿರುವುದು ಯಂತ್ರದ ಸಹಜ ಗುಣ. ಸ್ಪ್ರಿಂಗಿನ ಮೇಲೆ ಕೂತ ಪ್ರತಿಯೊಂದು ವಸ್ತುವಿಗೂ ತನ್ನದೇ ಒಂದು ತೂಗಾಟದ ಲಯವಿರುತ್ತದೆ. ಉಯ್ಯಾಲೆಯನ್ನು ಅದರ ಲಯಕ್ಕೆ ಸರಿಯಾಗಿ ತಳ್ಳಿದರೆ ಹೇಗೆ ಏರುತ್ತಾ ಹೋಗುತ್ತದೋ ಹಾಗೆ, ತೊಟ್ಟಿಯ ವೇಗ ಆ ಲಯಕ್ಕೆ ತಾಳೆಯಾದ ಕ್ಷಣದಲ್ಲಿ ಅಲುಗಾಟ ಹೆಚ್ಚುತ್ತದೆ. ಆ ವೇಗ ದಾಟಿದ ಮೇಲೆ ತಿರುಗುವ ವಸ್ತು ತನ್ನ ಭಾರದ ಕೇಂದ್ರವನ್ನೇ ನಡುವಾಗಿಸಿಕೊಂಡು ಸ್ಥಿರವಾಗುತ್ತದೆ. ಸ್ವೀಡನ್ನಿನ ಎಂಜಿನಿಯರ್ ಗುಸ್ತಾಫ್ ಡಿ ಲಾವಲ್ 1880ರ ದಶಕದಲ್ಲಿ ತನ್ನ ಉಗಿ ಟರ್ಬೈನಿಗೆ ಗಟ್ಟಿ ದಂಡದ ಬದಲು ಬಳುಕುವ ದಂಡ ಹಾಕಿ ಗೆದ್ದದ್ದು ಈ ತತ್ವದಿಂದಲೇ. 1919ರಲ್ಲಿ ಜೆಫ್‌ಕಾಟ್ ಎಂಬ ಎಂಜಿನಿಯರ್ ಅದಕ್ಕೆ ಗಣಿತದ ವಿವರಣೆ ಕೊಟ್ಟರು. ಡ್ರೈಯರನ್ನು ಬಿಗಿಯಾಗಿ ಕೂರಿಸದೆ ಸ್ಪ್ರಿಂಗಿನ ಮೇಲೆ ಬಿಟ್ಟಿರುವುದೂ ಇದೇ ಕಾರಣಕ್ಕೆ. ಹಾಗಾದರೆ ಯಾವುದು ರೋಗದ ಲಕ್ಷಣ? ಶುರುವಿನ ಅಲುಗಾಟ ಬಹಳ ಹೊತ್ತು ಎಳೆದರೆ, ಅಥವಾ ಪೂರ್ತಿ ವೇಗ ಹಿಡಿದ ಮೇಲೂ ಕುಣಿತ ಮುಂದುವರಿದರೆ. ಎಳೆಯುವುದಕ್ಕೆ ವೋಲ್ಟೇಜ್ ಕೂಡ ಕಾರಣವಾಗಬಹುದು. ಇಂಥ ಮೋಟರಿನ ತಿರುಗುಬಲ ವೋಲ್ಟೇಜಿನ ವರ್ಗಕ್ಕೆ ಅನುಗುಣ. 230 ಇರಬೇಕಾದಲ್ಲಿ 180 ವೋಲ್ಟ್ ಬಂದರೆ ಬಲ ಸುಮಾರು ಶೇ 39ರಷ್ಟು ಕುಸಿಯುತ್ತದೆ, ತೊಟ್ಟಿ ಆ ಕೆಟ್ಟ ವೇಗವನ್ನು ಬೇಗ ದಾಟಲಾರದೆ ಅಲ್ಲೇ ಒದ್ದಾಡುತ್ತದೆ. ಲೈನಿನ ತುದಿಯಲ್ಲಿರುವ ಮನೆಯವರು ಸಂಜೆ ಕುಣಿಯುವ ಯಂತ್ರವನ್ನು ವೋಲ್ಟೇಜ್ ಚೆನ್ನಾಗಿರುವ ಹೊತ್ತಿನಲ್ಲಿ ಇನ್ನೊಮ್ಮೆ ಓಡಿಸಿ ನೋಡಿದರೆ ಕಾರಣ ತಾನಾಗಿ ತಿಳಿಯುತ್ತದೆ. ಹೊತ್ತು ಬದಲಿಸಿದರೂ ಎಳೆದರೆ ಮೋಟರಿನ ಕೆಪಾಸಿಟರ್ ಬಲ ಕಳೆದುಕೊಂಡಿರಬಹುದು.

ಈಗ ಒಳಗಿನ ಮಾತು. ಸೆಮಿ ಆಟೋಮ್ಯಾಟಿಕ್ ಯಂತ್ರದಲ್ಲಿ ಡ್ರೈಯರ್ ತೊಟ್ಟಿ ನೇರವಾಗಿ ಮೋಟರಿನ ದಂಡದ ಮೇಲೆ ಕೂತಿರುತ್ತದೆ. ಆ ಮೋಟರ್ ತಳದಲ್ಲಿ ಮೂರು ಸ್ಪ್ರಿಂಗುಗಳ ಮೇಲೆ ನಿಂತಿರುತ್ತದೆ, ಪ್ರತಿ ಸ್ಪ್ರಿಂಗಿಗೂ ಅಲುಗಾಟ ನುಂಗುವ ರಬ್ಬರ್ ಇರುತ್ತದೆ. ಪ್ಲಗ್ ಕಿತ್ತು, ಮುಚ್ಚಳ ತೆಗೆದು, ಒಳತೊಟ್ಟಿಗೂ ಹೊರತೊಟ್ಟಿಗೂ ನಡುವಿನ ಸಂದಿಯನ್ನು ಸುತ್ತಲೂ ನೋಡಿ. ಒಂದು ಕಡೆ ಬೆರಳು ತೂರುವಷ್ಟು, ಇನ್ನೊಂದು ಕಡೆ ತಾಗುವಷ್ಟು ಇದ್ದರೆ ಒಂದು ಸ್ಪ್ರಿಂಗ್ ಮುರಿದಿದೆ ಅಥವಾ ಕುಸಿದಿದೆ. ತೊಟ್ಟಿಯನ್ನು ಒಂದು ಬದಿಗೆ ಒತ್ತಿ ಬಿಡಿ, ಅದು ಒಂದೆರಡು ತೂಗಿಗೆ ನಿಲ್ಲಬೇಕು. ಬಹಳ ಹೊತ್ತು ತೂಗಾಡಿದರೆ ರಬ್ಬರ್ ಸತ್ತಿದೆ. ತೊಟ್ಟಿಯನ್ನು ಮೇಲಿನಿಂದ ಹಿಡಿದು ಅಲುಗಿಸಿದಾಗ ಮೋಟರ್ ಅಲುಗದೆ ತೊಟ್ಟಿ ಮಾತ್ರ ಕಟಕಟ ಎಂದರೆ ಎರಡನ್ನೂ ಜೋಡಿಸುವ ಬೋಲ್ಟ್ ಸಡಿಲವಾಗಿದೆ. ಸ್ಪ್ರಿಂಗ್ ಬದಲಿಸುವಾಗ ಮೂರನ್ನೂ ಒಟ್ಟಿಗೆ ಬದಲಿಸಬೇಕು. ಹಳೆಯ ಎರಡು ಕುಸಿದಿರುವಾಗ ಹೊಸದೊಂದನ್ನು ಹಾಕಿದರೆ ಅದು ಎತ್ತರ ನಿಂತು ಮೋಟರನ್ನೇ ಓರೆ ಮಾಡುತ್ತದೆ. ಸ್ಪ್ರಿಂಗ್ ಯಾಕೆ ತುಕ್ಕು ಹಿಡಿಯಿತು ಎಂದು ಕೇಳದೆ ಕೆಲಸ ಮುಗಿಸಬಾರದು. ದಂಡ ಹಾದುಬರುವ ಜಾಗದಲ್ಲಿ ನೆರಿಗೆ ನೆರಿಗೆಯ ರಬ್ಬರ್ ಸೀಲೊಂದಿದೆ. ಅದು ಹರಿದಿದ್ದರೆ ಹಿಂಡಿದ ನೀರು ಹನಿಹನಿಯಾಗಿ ಮೋಟರ್ ಮತ್ತು ಸ್ಪ್ರಿಂಗಿನ ಮೇಲೆ ಬೀಳುತ್ತಿರುತ್ತದೆ. ಸೀಲ್ ಬಿಟ್ಟು ಸ್ಪ್ರಿಂಗ್ ಮಾತ್ರ ಹಾಕಿದ ರಿಪೇರಿ ಅದಕ್ಕೇ ಬಾಳುವುದಿಲ್ಲ.

ಮೇಲಿನಿಂದ ಬಟ್ಟೆ ಹಾಕುವ ಪೂರ್ಣ ಆಟೋಮ್ಯಾಟಿಕ್ ಯಂತ್ರದಲ್ಲಿ ವ್ಯವಸ್ಥೆ ಬೇರೆ. ಅಲ್ಲಿ ತೊಟ್ಟಿ ನಾಲ್ಕು ಮೂಲೆಯಿಂದ ನಾಲ್ಕು ಸರಳುಗಳಲ್ಲಿ ನೇತಾಡುತ್ತಿರುತ್ತದೆ. ಕೈಯಿಂದ ಕೆಳಕ್ಕೆ ಒತ್ತಿ ಬಿಟ್ಟಾಗ ಪುಟಿಪುಟಿದು ಏಳುತ್ತಿದ್ದರೆ ಸರಳುಗಳ ಡ್ಯಾಂಪರ್ ಸವೆದಿದೆ. ಮೋಟರಿನ ಭಾರ ಒಂದು ಬದಿಗಿರುವುದರಿಂದ ಹಲವು ಮಾದರಿಗಳಲ್ಲಿ ನಾಲ್ಕೂ ಸರಳುಗಳು ಒಂದೇ ಬಗೆಯವಲ್ಲ, ಬಣ್ಣದ ಗುರುತಿರುತ್ತದೆ. ಕಳಚುವ ಮೊದಲು ಯಾವುದು ಎಲ್ಲಿತ್ತೆಂದು ಬರೆದಿಟ್ಟುಕೊಳ್ಳಿ. ತೊಟ್ಟಿಯ ಬಾಯಿಯಲ್ಲಿರುವ ದಪ್ಪ ಪ್ಲಾಸ್ಟಿಕ್ ಬಳೆಯೊಳಗೆ ಉಪ್ಪುನೀರು ತುಂಬಿರುತ್ತದೆ. ತೊಟ್ಟಿ ವೇಗ ಹಿಡಿದಾಗ ಆ ನೀರು ಬಟ್ಟೆಯ ಭಾರಕ್ಕೆ ಎದುರು ಬದಿಗೆ ಸರಿದು ತೂಕ ಸರಿದೂಗಿಸುತ್ತದೆ. ಖಾಲಿ ತೊಟ್ಟಿ ತಿರುಗಿಸಿದಾಗ ಕೇಳುವ ಕುಲುಕಾಟವನ್ನು ಎಲ್ಲೋ ನೀರು ನಿಂತಿದೆ ಎಂದು ತಪ್ಪು ತಿಳಿಯುವವರಿದ್ದಾರೆ, ಅದು ಯಂತ್ರ ಆರೋಗ್ಯವಾಗಿರುವ ಗುರುತು. ಕುಲುಕಾಟವೇ ಇಲ್ಲದೆ ಬಳೆಯ ಸುತ್ತ ಬಿಳಿ ಉಪ್ಪಿನ ಕಲೆ ಕಂಡರೆ ಬಳೆ ಒಡೆದಿದೆ. ಮುಂಬಾಗಿಲಿನ ಯಂತ್ರದಲ್ಲಿ ಮೇಲೆ ಸ್ಪ್ರಿಂಗ್, ಕೆಳಗೆ ಡ್ಯಾಂಪರ್, ಜೊತೆಗೆ ತೊಟ್ಟಿಗೆ ಬೋಲ್ಟ್ ಹಾಕಿ ಕೂರಿಸಿದ ಕಾಂಕ್ರೀಟ್ ದಿಮ್ಮಿ ಇರುತ್ತದೆ. ಆ ಬೋಲ್ಟ್ ಸಡಿಲವಾದರೆ ಸಾಕು, ಮನೆಯೇ ನಡುಗುವಂತೆ ಬಡಿಯುತ್ತದೆ. ಮನೆ ಬದಲಿಸಿದ ಮೇಲೆ ಕುಣಿತ ಶುರುವಾಗಿದ್ದರೆ ಸಾಗಣೆಗೆಂದು ಹಿಂಬದಿಗೆ ಹಾಕಿದ ಬೋಲ್ಟುಗಳನ್ನು ತೆಗೆದಿದ್ದಾರೋ ಇಲ್ಲವೋ ನೋಡಿ.

ಇದೆಲ್ಲ ಮನೆಯಲ್ಲಿ ಮಾಡುವ ಕೆಲಸವೇ, ಕರೆಂಟಿನ ವಸ್ತುವಿನ ಜೊತೆ ಸರಸವೇ ಎಂಬ ಆಕ್ಷೇಪವಿದೆ. ಅದು ನ್ಯಾಯವಾದ ಆಕ್ಷೇಪ, ಉತ್ತರ ಗೆರೆ ಎಳೆದೇ ಹೇಳಬೇಕು. ಕಾಲು ಮಟ್ಟ ಮಾಡುವುದು, ಬಟ್ಟೆ ತುಂಬುವ ಕ್ರಮ ಬದಲಿಸುವುದು, ಪ್ಲಗ್ ಕಿತ್ತ ಮೇಲೆ ತೊಟ್ಟಿ ಒತ್ತಿ, ತಿರುಗಿಸಿ ನೋಡುವುದು ಯಾರು ಬೇಕಾದರೂ ಮಾಡಬಹುದಾದದ್ದು. ಹಿಂಬದಿಯ ತಗಡು ಬಿಚ್ಚಿದ ಮೇಲಿನದು ಕೈಪಳಗಿದವರ ಕೆಲಸ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರಿನಲ್ಲಿ ವಿದ್ಯುತ್ ಉಳಿದಿರಬಹುದು, ಹಳೆಯ ಯಂತ್ರದ ತಳದಿಂದ ಇಲಿ ಹೊಕ್ಕು ತಂತಿಯ ಸಿಪ್ಪೆ ಕಡಿದಿರಬಹುದು. ಒದ್ದೆ ಬಚ್ಚಲಲ್ಲಿ ಬರಿಗಾಲಲ್ಲಿ ನಿಂತು ಬಳಸುವ ಯಂತ್ರಕ್ಕೆ ಸರಿಯಾದ ಅರ್ಥಿಂಗ್ ಮತ್ತು ಕರೆಂಟು ಸೋರಿದರೆ ತಾನಾಗಿ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಸ್ವಿಚ್ ಇರಲೇಬೇಕು. ಯಂತ್ರ ಹಳೆಯದಾಗಲಿ ಹೊಸದಾಗಲಿ ಇದು ಒಂದೇ ನಿಯಮ. ಮುಚ್ಚಳ ತೆರೆದರೂ ಬ್ರೇಕ್ ಹಿಡಿಯದೆ ತಿರುಗುತ್ತಲೇ ಇರುವ ಡ್ರೈಯರನ್ನು ಬ್ರೇಕ್ ರಿಪೇರಿಯಾಗುವವರೆಗೆ ಬಳಸಲೇಬೇಡಿ. ತಿರುಗುವ ತೊಟ್ಟಿಯ ಬಟ್ಟೆಗೆ ಕೈ ಸಿಕ್ಕಿದರೆ ಬಿಡಿಸಿಕೊಳ್ಳಲು ಸಮಯ ಸಿಗುವುದಿಲ್ಲ.

ಎರಡನೆಯ ಆಕ್ಷೇಪ ಬಿಡಿಭಾಗದ್ದು. 1980ರ ದಶಕದ ಕೊನೆಯಲ್ಲಿ, 90ರ ದಶಕದಲ್ಲಿ ನಮ್ಮ ಮನೆಗಳಿಗೆ ಬಂದ ವಿಡಿಯೋಕಾನ್, ಬಿಪಿಎಲ್, ಟಿವಿಎಸ್ ವರ್ಲ್‌ಪೂಲ್ ಯಂತ್ರಗಳಿಗೆ ಈಗ ಕಂಪನಿಯ ಆಸರೆ ಎಲ್ಲಿದೆ ಎಂದು ಕೇಳುತ್ತಾರೆ. ವಿಡಿಯೋಕಾನ್ 2018ರಲ್ಲಿ ದಿವಾಳಿ ಪ್ರಕ್ರಿಯೆಗೇ ಒಳಪಟ್ಟಿತು. ಮಾತು ಅರ್ಧ ನಿಜ. ಆ ಮಾದರಿಯದೇ ಟೈಮರ್, ಪ್ಯಾನೆಲ್, ಅಚ್ಚಿನ ತೊಟ್ಟಿ ಸಿಗುವುದು ಕಷ್ಟ. ಆದರೆ ಕುಣಿತಕ್ಕೆ ಕಾರಣವಾಗುವ ಭಾಗಗಳಿಗೆ ಬ್ರಾಂಡಿನ ಹಂಗು ಕಡಿಮೆ. ಸ್ಪ್ರಿಂಗಿಗೆ ಎತ್ತರ ಮತ್ತು ತಂತಿಯ ದಪ್ಪ, ಸೀಲಿಗೆ ಒಳ-ಹೊರ ಅಳತೆ ಸಾಕು, ಹಳೆಯದನ್ನು ಕೈಯಲ್ಲಿ ಹಿಡಿದು ಹೋದರೆ ಹೊಂದುವುದು ಸಿಗುತ್ತದೆ. ಬೇರಿಂಗಿಗಂತೂ ಜಗತ್ತಿಗೆಲ್ಲ ಒಂದೇ ಸಂಖ್ಯೆ. 6203 ಎಂದು ಕೊರೆದಿದ್ದರೆ ಒಳವ್ಯಾಸ 17, ಹೊರವ್ಯಾಸ 40, ದಪ್ಪ 12 ಮಿಲಿಮೀಟರ್, ಯಾರು ಮಾಡಿದ್ದಾದರೂ ಸರಿ. ಅಡಿಕೆ ತೋಟ, ಭತ್ತದ ಗದ್ದೆಗಳ ಈ ಸೀಮೆಯಲ್ಲಿ ಮೋಟರ್ ರಿವೈಂಡಿಂಗ್ ಅಂಗಡಿಗಳಿಗೆ ಬರವಿಲ್ಲ. ಪಂಪ್‌ಸೆಟ್ ಬಿಚ್ಚಿ ಕಟ್ಟುವ ಕೈಗೆ ಡ್ರೈಯರಿನ ಮೋಟರ್ ಅಪರಿಚಿತವಲ್ಲ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ದುರಸ್ತಿಯ ಹಕ್ಕಿನ ಬಗ್ಗೆ ಸಮಿತಿ ರಚಿಸಿದಾಗ ಗೃಹೋಪಯೋಗಿ ವಸ್ತುಗಳನ್ನೂ ಕೃಷಿ ಉಪಕರಣಗಳನ್ನೂ ಒಟ್ಟಿಗೇ ಹೆಸರಿಸಿತು. ನಮ್ಮೂರಿನ ಮೆಕ್ಯಾನಿಕ್‌ಗಳು ಆ ಎರಡನ್ನೂ ಒಂದೇ ಬೆಂಚಿನ ಮೇಲೆ ಇಟ್ಟು ಎಷ್ಟೋ ವರ್ಷಗಳಿಂದ ಕೆಲಸ ಮಾಡುತ್ತಿದ್ದಾರೆ.

ಹೊಸ ಯಂತ್ರ ಕರೆಂಟು, ನೀರು ಉಳಿಸುತ್ತದಲ್ಲ ಎಂಬುದು ಮೂರನೆಯ ಮಾತು. ನೀರಿನ ವಿಷಯದಲ್ಲಿ ಒಪ್ಪುತ್ತೇನೆ, ಮುಂಬಾಗಿಲಿನ ಯಂತ್ರಕ್ಕೆ ನಿಜವಾಗಿಯೂ ನೀರು ಕಡಿಮೆ ಸಾಕು. ಕರೆಂಟಿನ ವಾದ ಅಷ್ಟು ಗಟ್ಟಿಯಲ್ಲ. 150 ವಾಟಿನ ಮೋಟರ್ ಐದು ನಿಮಿಷ ಹಿಂಡಿದರೆ ಖರ್ಚಾಗುವುದು 12.5 ವಾಟ್‌ಅವರ್, ಎಂಬತ್ತು ಸಲ ಹಿಂಡಿದರೆ ಮೆಸ್ಕಾಂ ಬಿಲ್ಲಿನಲ್ಲಿ ಒಂದು ಯೂನಿಟ್. ಬಟ್ಟೆ ಒಗೆಯುವಲ್ಲಿ ಕರೆಂಟು ತಿನ್ನುವುದು ನೀರು ಕಾಯಿಸುವ ಹೀಟರ್, ಅದು ಹಳೆಯ ಸೆಮಿ ಆಟೋಮ್ಯಾಟಿಕ್‌ಗಳಲ್ಲಿ ಸಾಮಾನ್ಯವಾಗಿ ಇರುವುದೇ ಇಲ್ಲ. ಇದಕ್ಕಿಂತ ಮುಖ್ಯವಾದ ಸಂಗತಿ ಬೇರೆ ಇದೆ. ಅದೇ ಇಳಿಜಾರಿನ ಬಚ್ಚಲಲ್ಲಿ ಹೊಸ ಯಂತ್ರ ತಂದಿಟ್ಟರೆ ಏನಾಗುತ್ತದೆ? ಹೊಸ ಆಟೋಮ್ಯಾಟಿಕ್‌ಗಳಲ್ಲಿ ಅಲುಗಾಟ ಅಳೆಯುವ ವ್ಯವಸ್ಥೆ ಇರುವುದರಿಂದ ಅವು ಕುಣಿಯುವ ಬದಲು ನಿಂತೇ ಬಿಡುತ್ತವೆ, ಎಲ್‌ಜಿ ಯಂತ್ರಗಳಾದರೆ ‘ಯುಇ’ ಎಂಬ ಅಕ್ಷರ ತೋರಿಸುತ್ತವೆ. ನೆಲ ಸರಿಮಾಡದೆ ಯಂತ್ರ ಬದಲಿಸಿದವರು ಹಳೆಯ ರೋಗಕ್ಕೆ ಹೊಸ ಹೆಸರು ಕೊಂಡು ತಂದಂತಾಯಿತು. ಕಾಲಡಿಗೆ ಇಡಲೆಂದು ಮಾರುವ ಮೆತ್ತನೆಯ ರಬ್ಬರ್ ಪ್ಯಾಡುಗಳ ಬಗ್ಗೆಯೂ ನನ್ನ ಅಭಿಪ್ರಾಯ ಇದೇ. ಮಟ್ಟ ಸರಿಯಿದ್ದ ಮೇಲೆ ಅವು ಸದ್ದು ತಗ್ಗಿಸುತ್ತವೆ, ಮಟ್ಟ ತಪ್ಪಿದ ಯಂತ್ರದ ಅಡಿಗೆ ಹಾಕಿದರೆ ತೊನೆತ ಇನ್ನಷ್ಟು ಹೆಚ್ಚಬಹುದು.

ಎಲ್ಲ ಯಂತ್ರವನ್ನೂ ಉಳಿಸಿಕೊಳ್ಳಲೇಬೇಕು ಎಂದು ಹಟ ಹಿಡಿಯುವುದೂ ಸರಿಯಲ್ಲ. ತಳದ ಚೌಕಟ್ಟು ತುಕ್ಕು ತಿಂದು ಸ್ಪ್ರಿಂಗ್ ನಿಲ್ಲುವ ಜಾಗವೇ ಉದುರಿದ್ದರೆ, ತೊಟ್ಟಿ ಸೀಳಿದ್ದರೆ, ಮುಂಬಾಗಿಲಿನ ಯಂತ್ರದಲ್ಲಿ ಡ್ರಮ್ ಹೊತ್ತ ಮೂರು ಕೈಯ ಅಲ್ಯೂಮಿನಿಯಂ ಜೇಡ ಕರಗಿ ಮುರಿದಿದ್ದರೆ ಅದಕ್ಕೆ ಹಣ ಸುರಿಯುವುದು ವ್ಯರ್ಥ. ಮುಟ್ಟಿದರೆ ಶಾಕ್ ಹೊಡೆಯುವ ಯಂತ್ರವನ್ನು ಕಾರಣ ಸಿಗುವವರೆಗೆ ಪ್ಲಗ್‌ಗೆ ಹಾಕಬಾರದು. ಬಿಡಲೇಬೇಕಾದ ಯಂತ್ರವನ್ನು ಬೀದಿಯ ಗುಜರಿ ಗಾಡಿಗೆ ಹಾಕುವುದೂ ತಪ್ಪು. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳಲ್ಲಿ ವಾಷಿಂಗ್ ಮೆಷಿನ್ ಕೂಡ ಸೇರಿದೆ, ಅದು ನೋಂದಾಯಿತ ಮರುಬಳಕೆ ಘಟಕಕ್ಕೆ ಹೋಗಬೇಕು. ಆದರೆ ಆ ತೀರ್ಮಾನ ಕೊನೆಗೆ ಬರಬೇಕಾದದ್ದು. ಇಪ್ಪತ್ತೈದು ವರ್ಷ ಮನೆಮಂದಿಯ ಬಟ್ಟೆ ಹಿಂಡಿಕೊಟ್ಟ ಯಂತ್ರವೊಂದು ಮೂರು ಸ್ಪ್ರಿಂಗ್ ಮತ್ತು ಒಂದು ಸೀಲಿನ ಕೊರತೆಗೆ ಗುಜರಿ ಸೇರಿದರೆ ನಷ್ಟ ಆ ಮನೆಯದಷ್ಟೇ ಅಲ್ಲ. ಅದನ್ನು ಬಿಚ್ಚಿ ಸರಿಮಾಡಬಲ್ಲ ಕೈಗಳಿಗೆ ಕೆಲಸ ತಪ್ಪುತ್ತದೆ, ಕೆಲಸವಿಲ್ಲದ ಕಡೆ ಆ ವಿದ್ಯೆ ಮುಂದಿನ ಹುಡುಗರಿಗೆ ಇಳಿಯುವುದಿಲ್ಲ. ಹಾಗಾಗಿ ಯಂತ್ರ ಹೋಯಿತು, ಹೊಸದು ತಗೊಳ್ಳಿ ಎಂದು ಯಾರಾದರೂ ಹೇಳಿದರೆ ಹಣ ಬಿಚ್ಚುವ ಮೊದಲು ಮೂರು ಪ್ರಶ್ನೆ ಕೇಳಿ: ರಸಮಟ್ಟ ಇಟ್ಟು ನೋಡಿದಿರಾ? ಖಾಲಿ ಓಡಿಸಿದಿರಾ? ಸವೆದ ಭಾಗ ಯಾವುದು, ಬಿಚ್ಚಿ ತೋರಿಸುತ್ತೀರಾ? ಮೂರಕ್ಕೂ ಉತ್ತರ ಕೊಡುವವರು ಸಿಕ್ಕರೆ ಅವರು ಕೇಳಿದ ಕೂಲಿಯನ್ನು ಚೌಕಾಸಿ ಮಾಡದೆ ಕೊಡಿ.